ಅರವತ್ತನಾಲ್ಕು ಸಾಲಿನ ಚೀಲ

1999ರ ನನ್ನ ಡೈರಿಯ ಪ್ರತಿ ಪುಟದ ಮೇಲ್ತುದಿಯಲ್ಲಿ ಎರಡು ಅಂಕಿಗಳಿವೆ. ಎಡಗಡೆಯದು ಆ ದಿನ ನಮ್ಮ ಬೀದಿಯಲ್ಲಿ ಕರೆಂಟ್ ಇದ್ದ ಗಂಟೆಗಳು, ಬಲಗಡೆಯದು ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಇದ್ದ ಗಂಟೆಗಳು. ಆ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ನಾನು ಯಾವ ಹೊತ್ತಿಗೆ ಎಲ್ಲಿದ್ದೆ ಎಂದು ಈಗಲೂ ಆ ಅಂಕಿಗಳನ್ನು ನೋಡಿ ಹೇಳಬಲ್ಲೆ. ಕರೆಂಟ್ ನಮ್ಮ ಬೀದಿಯಲ್ಲಿದ್ದರೆ ಮಗ್ಗದ ಮುಂದೆ, ಬಸ್ ಸ್ಟ್ಯಾಂಡ್ ರಸ್ತೆಯಲ್ಲಿದ್ದರೆ ಕಂಪ್ಯೂಟರಿನ ಮುಂದೆ. ಎರಡೂ ಕಡೆ ಇಲ್ಲದಿದ್ದರೆ ದಾರಿಯಲ್ಲಿ. ಲೋಡ್ ಶೆಡ್ಡಿಂಗ್ ಆಗ ಒಂದು ಲೈನಿನಿಂದ ಇನ್ನೊಂದಕ್ಕೆ ಸರದಿಯ ಮೇಲೆ ನಡೆಯುತ್ತಿತ್ತು. ಊರಿನ ಉಳಿದವರಿಗೆ ಅರ್ಧ ದಿನವಾದರೂ ಬಿಡುವು ಸಿಗುತ್ತಿತ್ತು. ನನಗೆ ಆ ಸರದಿಯಿಂದಲೇ ಬಿಡುವು ಇಲ್ಲದಂತಾಯಿತು.

ದೊಡ್ಡಬಳ್ಳಾಪುರದ ನಮ್ಮ ಮನೆಯ ಮುಂಭಾಗದಲ್ಲಿ ಎರಡು ಪವರ್‌ಲೂಮ್ ಇದ್ದವು. ಒಂದನ್ನು ಅಪ್ಪ ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ನಾನು. ನನಗಾಗ ಇಪ್ಪತ್ತೆರಡು, ಬಿ.ಎಸ್ಸಿ. ಮುಗಿಸಿ ಎಂಟು ತಿಂಗಳಾಗಿತ್ತು. ಬಸ್ ಸ್ಟ್ಯಾಂಡ್ ರಸ್ತೆಯಲ್ಲಿ ಪಾತ್ರೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇತ್ತು. ಅಲ್ಲಿ ನಾನು ಮಕ್ಕಳಿಗೆ ಟೈಪಿಂಗ್ ಹೇಳಿಕೊಡುತ್ತಿದ್ದೆ. ನಾಲ್ಕು ಕಂಪ್ಯೂಟರುಗಳು, ಒಂದೇ ಸಲಕ್ಕೆ ಓಡುತ್ತಿದ್ದದ್ದು ಎರಡು. ಸೆಂಟರಿನ ಯಜಮಾನರನ್ನು ಎಲ್ಲರೂ ಸಾರ್ ಎಂದೇ ಕರೆಯುತ್ತಿದ್ದರು.

ಫೆಬ್ರವರಿ 8, ಸೋಮವಾರ, ಸಾರ್ ಒಂದು ಸಿ.ಡಿ. ತಂದರು. ಯಾವುದೋ ಪತ್ರಿಕೆಯ ಜೊತೆ ಬಂದದ್ದು. ಅದರಲ್ಲಿ ಪೈಥಾನ್ ಎಂಬ ಹೊಸ ಭಾಷೆಯಿತ್ತು. ನಾವು ಕಲಿಸುತ್ತಿದ್ದ ಸಿ ಭಾಷೆಯಲ್ಲಿ ಒಂದು ಪುಟ ಹಿಡಿಯುವುದು ಇದರಲ್ಲಿ ಹತ್ತು ಸಾಲಿಗೆ ಮುಗಿಯುತ್ತದೆ ಎಂದು ಸಾರ್ ಬಹಳ ಉತ್ಸಾಹದಲ್ಲಿದ್ದರು. ಮಾರ್ಚ್ ಕೊನೆಯ ಭಾನುವಾರ ಮಕ್ಕಳನ್ನೂ ತಂದೆ ತಾಯಿಯರನ್ನೂ ಕರೆದು ಸೆಂಟರ್ ತೋರಿಸಬೇಕು, ತೋರಿಸುವಾಗ ಇಲ್ಲೇ ತಯಾರಾದದ್ದು ಏನಾದರೂ ಇರಬೇಕು ಎಂದರು. ಯೋಚಿಸಿ ಯೋಚಿಸಿ ಒಂದು ವಿಡಿಯೋ ಗೇಮ್ ಎಂದು ಗೊತ್ತುಮಾಡಿದರು. ಒಬ್ಬ ಪ್ರಯಾಣಿಕ ನಮ್ಮೂರಿನಿಂದ ನಮ್ಮ ತಾಲ್ಲೂಕಿನದೇ ಆದ ಮಧುರೆಗೆ ನಡೆದು ಹೋಗಬೇಕು. ಕಪ್ಪು ಪರದೆಯ ಮೇಲೆ ಚುಕ್ಕಿಗಳೇ ದಾರಿ, ನಕ್ಷತ್ರದ ಗುರುತುಗಳೇ ಮರ. ನಡುವೆ ಕೆರೆ ಏರಿ, ಬೀಗ ಹಾಕಿದ ಗೇಟು, ಕತ್ತಲೆ ತೋಪು. ದಾರಿಯಲ್ಲಿ ಸಿಕ್ಕಿದ್ದನ್ನು ಎತ್ತಿ ಚೀಲಕ್ಕೆ ಹಾಕಿಕೊಂಡು, ಬೇಕಾದಾಗ ತೆಗೆದು ಉಪಯೋಗಿಸಬೇಕು. ಪ್ರಯಾಣಿಕನ ನಡಿಗೆಯನ್ನು ಸಾರ್ ಬರೆಯುವುದು, ಚೀಲ ನಾನು ಬರೆಯುವುದು ಎಂದಾಯಿತು. ಡೈರಿಯಲ್ಲಿ ಎಲ್ಲಕ್ಕೂ ಲೆಕ್ಕ ಇಡುವವಳು ನಾನು, ಅದಕ್ಕೆ ಚೀಲ ನನ್ನ ಪಾಲಿಗೆ ಬಂತು.

ಚೀಲ ಎಂದರೆ ದೊಡ್ಡದೇನಲ್ಲ. ನಾಲ್ಕು ಕೆಲಸ. ವಸ್ತು ಎತ್ತಿದರೆ ಒಂದು ಕೂಡಿಸಬೇಕು, ಉಪಯೋಗಿಸಿದರೆ ಒಂದು ಕಳೆಯಬೇಕು, ಹತ್ತಕ್ಕಿಂತ ಹೆಚ್ಚಾದರೆ ಚೀಲ ತುಂಬಿತು ಎನ್ನಬೇಕು, ಕೇಳಿದಾಗ ಒಳಗೆ ಏನೇನು ಎಷ್ಟೆಷ್ಟಿದೆ ಎಂದು ತೋರಿಸಬೇಕು. ಟಾರ್ಚ್, ಹಗ್ಗ, ಬೀಗದ ಕೈ, ನೀರು, ಬೆಲ್ಲ. ಮಿಷನ್ನಿಗೆ ಕನ್ನಡ ಅಕ್ಷರ ಬರುತ್ತಿರಲಿಲ್ಲವಾದ್ದರಿಂದ ಎಲ್ಲವೂ ಇಂಗ್ಲಿಷ್ ಅಕ್ಷರದ ಕನ್ನಡ. ಬಿಡುವಾಗಿ ಕೂತರೆ ಎರಡು ದಿನದ ಕೆಲಸ. ನನಗೆ ಬಿಡುವು ಸಿಕ್ಕದ್ದು ಇಪ್ಪತ್ತು ನಿಮಿಷ, ಮೂವತ್ತು ನಿಮಿಷದ ತುಂಡುಗಳಲ್ಲಿ. ಎಷ್ಟೋ ಸಲ ಕೂತು ಹಿಂದಿನ ಸಾಲು ಓದಿ ನೆನಪು ಮಾಡಿಕೊಳ್ಳುವಷ್ಟರಲ್ಲಿ ಪರದೆ ಆರಿಹೋಗುತ್ತಿತ್ತು.

ಈ ಗೇಮಿನೊಳಕ್ಕೆ ನನ್ನ ಅಕ್ಕ ಬಂದದ್ದಕ್ಕೆ ಬೇರೆಯೇ ಕಾರಣವಿತ್ತು.

ಅಕ್ಕ ನನಗಿಂತ ಐದು ವರ್ಷ ದೊಡ್ಡವಳು. ಎಂಟನೇ ತರಗತಿಗೆ ಶಾಲೆ ಬಿಟ್ಟಿದ್ದಳು. ಪಕ್ಕದ ಬೀದಿಯ ಡಿಸೈನ್ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕಾರ್ಡ್ ಹೊಡೆಯುತ್ತಿದ್ದಳು. ಸೀರೆಯ ಅಂಚಿನ ಹೂವು, ಬಳ್ಳಿ, ನವಿಲನ್ನು ಮೊದಲು ದೊಡ್ಡ ಗ್ರಾಫ್ ಹಾಳೆಯ ಮೇಲೆ ಚೌಕ ಚೌಕವಾಗಿ ಬಣ್ಣ ತುಂಬಿ ಬರೆಯುತ್ತಾರೆ. ಅದನ್ನು ಒಂದೊಂದೇ ಸಾಲಾಗಿ ಓದಿ, ಬಣ್ಣವಿದ್ದ ಕಡೆ ತೂತು, ಇಲ್ಲದ ಕಡೆ ಬಿಟ್ಟು, ರಟ್ಟಿನ ಕಾರ್ಡುಗಳನ್ನು ಹೊಡೆಯಬೇಕು. ಆ ಕಾರ್ಡುಗಳ ಮಾಲೆ ಮಗ್ಗದ ಮೇಲೆ ಕೂತು ತಿರುಗಿದರೆ ಸೀರೆಯಲ್ಲಿ ನವಿಲು ಏಳುತ್ತದೆ. ಒಂದು ತೂತು ತಪ್ಪಿದರೂ ಪ್ರತಿ ನವಿಲಿನ ಕುತ್ತಿಗೆಯಲ್ಲೂ ಒಂದು ಗೀರು. ಅಕ್ಕ ಹೊಡೆದ ಕಾರ್ಡಿನಲ್ಲಿ ಗೀರು ಬಂತೆಂದು ಯಾರೂ ವಾಪಸು ತಂದದ್ದು ನನಗೆ ನೆನಪಿಲ್ಲ.

ಆ ಅಂಗಡಿಗೆ ಏಪ್ರಿಲ್ಲಿನಲ್ಲಿ ಡಿಸೈನ್ ಮಾಡುವ ಕಂಪ್ಯೂಟರ್ ಬರುವುದಿತ್ತು. ಬಂದ ಮೇಲೆ ಕೈಯಲ್ಲಿ ಕಾರ್ಡ್ ಹೊಡೆಯುವವರು ಬೇಕಾಗುವುದಿಲ್ಲ ಎಂದು ಅಂಗಡಿಯವರು ಮೊದಲೇ ಹೇಳಿಬಿಟ್ಟಿದ್ದರು. ಕಂಪ್ಯೂಟರ್ ಮುಟ್ಟಲು ಬರುತ್ತದೆ ಎಂದು ಯಾವುದಾದರೂ ಸೆಂಟರಿನಿಂದ ಒಂದು ಪತ್ರ ತಂದವರನ್ನು ಅದರ ಮುಂದೆ ಕೂರಿಸುತ್ತೇವೆ, ತರದವರು ಬೇರೆ ಕೆಲಸ ನೋಡಿಕೊಳ್ಳಲಿ ಎಂದರಂತೆ. ಅಕ್ಕನಿಗೆ ಆ ಪತ್ರ ಬೇಕಾಗಿತ್ತು. ನಮ್ಮ ಸೆಂಟರಿನಲ್ಲಿ ಎಸ್.ಎಸ್.ಎಲ್.ಸಿ. ಆಗದವರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ನಾನು ಎರಡು ದಿನ ಬಿಡದೆ ಕೇಳಿದ ಮೇಲೆ ಸಾರ್ ಒಂದು ದಾರಿ ತೋರಿಸಿದರು. ಗೇಮಿನ ಕೆಲಸದಲ್ಲಿ ಅವಳೂ ಕೈ ಹಾಕಲಿ. ಕೊನೆಗೆ ಒಂದು ಹಾಳೆಯನ್ನು, ಪಕ್ಕದಲ್ಲಿ ಯಾರೂ ಇಲ್ಲದೆ, ಒಂದೂ ತಪ್ಪಿಲ್ಲದೆ ಟೈಪ್ ಹೊಡೆದು ತೋರಿಸಿದರೆ ಪತ್ರ ಬರೆದುಕೊಡುತ್ತೇನೆ ಎಂದರು.

ಅಕ್ಕ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಸೆಂಟರಿಗೆ ಬರತೊಡಗಿದಳು. ಒಟ್ಟು ಹದಿನಾರು ಬೆಳಿಗ್ಗೆ. ನಾನು ಒಂದೊಂದೇ ಅಕ್ಷರ ಹೇಳುತ್ತಿದ್ದೆ, ಅವಳು ಹುಡುಕಿ ಒತ್ತುತ್ತಿದ್ದಳು. ಇಂಗ್ಲಿಷ್ ಅವಳಿಗೆ ಓದಲು ಬರುತ್ತಿದ್ದುದು ಬಸ್ಸಿನ ಬೋರ್ಡಿನಷ್ಟು. ಆದರೆ ಒಮ್ಮೆ ನೋಡಿದ ಆಕಾರವನ್ನು ಮರೆಯುತ್ತಿರಲಿಲ್ಲ.

ಮಾರ್ಚ್ 9ರಂದು ಅವಳು ಗೇಮ್ ಆಡುತ್ತಾ ಕೂತಿದ್ದಳು. ಚೀಲದಲ್ಲಿ ಒಂದೇ ಬೆಲ್ಲದ ತುಂಡಿತ್ತು, ತಿಂದಳು. ಮುಂದೆ ಕೆರೆ ಏರಿಯ ಮೇಲೆ ಇನ್ನೊಂದು ಬೆಲ್ಲ ಸಿಕ್ಕಿತು, ಎತ್ತಿದಳು. ಗೇಮ್ ಅಲ್ಲೇ ನಿಂತುಹೋಯಿತು. ಪರದೆಯ ತುಂಬ ತಪ್ಪಿನ ಸಾಲುಗಳು. ನಾನು ಅದನ್ನು ನಾಲ್ಕು ದಿನದಿಂದ ಹುಡುಕುತ್ತಿದ್ದೆ. ಯಾವಾಗಲೋ ನಿಂತುಹೋಗುತ್ತಿತ್ತು, ಯಾಕೆಂದು ಗೊತ್ತಾಗುತ್ತಿರಲಿಲ್ಲ. ಅಕ್ಕ ಏನು ಮಾಡಿದಳೆಂದು ನೋಡಿದ ಮೇಲೆ ತಿಳಿಯಿತು. ಕೊನೆಯ ಬೆಲ್ಲ ಮುಗಿದೊಡನೆ ನಾನು ಚೀಲದಲ್ಲಿ ಮೊದಲೇ ಬರೆದಿಟ್ಟಿದ್ದ ಬೆಲ್ಲ ಎಂಬ ಹೆಸರನ್ನೇ ಅಳಿಸಿಹಾಕುತ್ತಿದ್ದೆ. ಮತ್ತೆ ಬೆಲ್ಲ ಬಂದಾಗ ಕೂಡಿಸಲು ಮಿಷನ್ ಆ ಹೆಸರನ್ನು ಹುಡುಕುತ್ತಿತ್ತು, ಸಿಗುತ್ತಿರಲಿಲ್ಲ. ಅದನ್ನು ಅವಳಿಗೆ ವಿವರಿಸಿದೆ.

“ಹಾಸು ಮುಗೀತು ಅಂತ ಪೂರ್ತಿ ಕತ್ತರಿಸಿ ಎಳ್ಕೊಂಡ್‌ಬಿಡ್ತಾರೇನೇ ಯಾರಾದ್ರೂ?” ಅಂದಳು ಅಕ್ಕ. “ತುದಿ ಬಿಟ್ಟಿದ್ರೆ ತಾನೇ ಹೊಸದನ್ನ ಕೆಚ್ಚೋದು.”

ಮಗ್ಗದಲ್ಲಿ ಉದ್ದನೆಯ ನೂಲು, ಅಂದರೆ ಹಾಸು, ಮುಗಿಯುತ್ತಾ ಬಂದಾಗ ಕೊನೆಯ ಒಂದು ಗೇಣು ನೂಲನ್ನು ಹಾಗೇ ಮಗ್ಗದೊಳಗೆ ಬಿಡುತ್ತೇವೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಆ ಹಳೆಯ ಎಳೆಗೆ ಸೇರಿಸಿ ಹೊಸೆಯುವುದೇ ಕೆಚ್ಚುವುದು. ಪೂರ್ತಿ ಎಳೆದುಬಿಟ್ಟರೆ ಸಾವಿರಾರು ಎಳೆಯನ್ನು ಮೊದಲಿನಿಂದ ಪೋಣಿಸುತ್ತಾ ಎರಡು ದಿನ ಕೂರಬೇಕು. ದಿನವೂ ಮಗ್ಗದ ಮುಂದೆ ನಿಲ್ಲುವ ನನಗೆ ಹೊಳೆಯದ್ದು ಅವಳಿಗೆ ಹೊಳೆಯಿತು. ಬೆಲ್ಲ ಮುಗಿದರೂ ಹೆಸರು ಇರಲಿ, ಮುಂದೆ ಸೊನ್ನೆ ಇರಲಿ ಎಂದು ಬದಲಾಯಿಸಿದೆ. ಆಮೇಲೆ ಗೇಮ್ ಹಾಗೆ ನಿಲ್ಲಲಿಲ್ಲ. ಡೈರಿಯಲ್ಲಿ ಆ ದಿನ ‘ಅಕ್ಕ: 1’ ಎಂದು ಬರೆದಿದ್ದೇನೆ.

ಮಾರ್ಚ್ 22ರಿಂದ ಕರೆಂಟಿನ ಸರದಿ ಬದಲಾಯಿತು. ನಮ್ಮ ಬೀದಿಗೂ ಬಸ್ ಸ್ಟ್ಯಾಂಡ್ ರಸ್ತೆಗೂ ಒಂದೇ ಹೊತ್ತು, ಬೆಳಿಗ್ಗೆ ಆರರಿಂದ ಹತ್ತು. ಸಂಜೆ ಸೆಂಟರಿಗೆ ಇನ್ನೆರಡು ಗಂಟೆ ಬರುತ್ತಿತ್ತು, ಆಗ ಮಕ್ಕಳ ತರಗತಿ, ಮಿಷನ್ ಖಾಲಿ ಸಿಗುತ್ತಿರಲಿಲ್ಲ. ಅದೇ ವಾರ ಅಪ್ಪನ ಬಲಗೈ ಮಣಿಕಟ್ಟು ಊದಿಕೊಂಡಿತು. ಮದುವೆಯ ಕಾಲದ ಸೀರೆಗಳ ಕೆಲಸ ಬಾಕಿ ನಿಂತಿತ್ತು. ಎರಡೂ ಮಗ್ಗಗಳ ನಡುವೆ ನಾನೊಬ್ಬಳೇ ಓಡಾಡಬೇಕಾಯಿತು. ಹತ್ತು ಗಂಟೆಗೆ ಮಗ್ಗ ನಿಂತ ಮೇಲೂ ಕಿವಿಯೊಳಗೆ ಅದು ಓಡುತ್ತಲೇ ಇರುತ್ತಿತ್ತು. ಊಟಕ್ಕೆ ಕೂತರೆ ತಟ್ಟೆಯ ಮುಂದೆಯೇ ಕಣ್ಣು ಮುಚ್ಚಿಹೋಗುತ್ತಿತ್ತು.

ಚೀಲದ ಕೊನೆಯ ಭಾಗ, ಒಳಗಿರುವುದನ್ನು ಪಟ್ಟಿಯಾಗಿ ತೋರಿಸುವುದು ಮತ್ತು ಹತ್ತರ ಮಿತಿ ನೋಡುವುದು, ಇನ್ನೂ ಹಾಗೇ ಉಳಿದಿತ್ತು. ಸಾರ್ ಅಕ್ಕನ ಪರೀಕ್ಷೆಯ ಹಾಳೆಯಾಗಿ ಅದನ್ನೇ ಗೊತ್ತುಮಾಡಿದ್ದರು. 25ನೇ ತಾರೀಖು, ಗುರುವಾರ, ಮಗ್ಗದ ಪಕ್ಕದಲ್ಲಿ ನಿಂತೇ ಅದನ್ನು ಬರೆದೆ. ಪೈಥಾನಿನಲ್ಲಿ ಒಳಗಿನ ಸಾಲು ಒಳಕ್ಕೇ ಇರಬೇಕು. ನಾಲ್ಕು ಜಾಗ ಬಿಡುವ ಕಡೆ ಮೂರು ಬಿಟ್ಟರೆ ಓಡುವುದಿಲ್ಲ. ಬಿಳಿ ಹಾಳೆಯಲ್ಲಿ ಬರೆದರೆ ಅಕ್ಕನಿಗೆ ಜಾಗದ ಅಂದಾಜು ಸಿಗದೆಂದು ಅವಳ ಅಂಗಡಿಯ ಗ್ರಾಫ್ ಹಾಳೆಯನ್ನೇ ಕೇಳಿ ಇಸಿದುಕೊಂಡೆ. ಒಂದು ಚೌಕಕ್ಕೆ ಒಂದು ಅಕ್ಷರ, ಬಿಡಬೇಕಾದ ಜಾಗಕ್ಕೆ ಖಾಲಿ ಚೌಕ. ಅರವತ್ತನಾಲ್ಕು ಸಾಲು, ಸಾವಿರದ ಇನ್ನೂರ ಹದಿನಾರು ಅಕ್ಷರ. ಈ ಎರಡು ಲೆಕ್ಕವನ್ನೂ ಅಂದೇ ಡೈರಿಗೆ ಹಾಕಿದೆ.

ಸಂಜೆ ಹಾಳೆ ಕೊಡುವಾಗ ಅಕ್ಕ ಹೆದರಿದ್ದಳು. ಅರ್ಥವಾಗದೆ ಹೇಗೆ ಹೊಡೆಯಲಿ ಎಂದು ಮೂರು ಸಲ ಕೇಳಿದಳು. ನನಗೆ ಕೂತು ಓದಿ ಹೇಳುವಷ್ಟು ತ್ರಾಣ ಇರಲಿಲ್ಲ.

“ಕಾರ್ಡ್ ಹೊಡೀತೀಯಲ್ಲ, ಹಾಗೇ ಹೊಡಿ ಅಕ್ಕ,” ಅಂದೆ. “ಏನೂ ಯೋಚ್ನೆ ಮಾಡ್ಬೇಡ.”

ಶುಕ್ರವಾರ ಬೆಳಿಗ್ಗೆ ಆರಕ್ಕೆ ಅವಳು ಸೆಂಟರಿಗೆ ಹೋದಳು, ನಾನು ಮಗ್ಗ ಹಾಕಿದೆ. ಒಂಬತ್ತೂವರೆಗೆ ಮುಗಿಸಿ, ಫೈಲ್ ಉಳಿಸಿ, ಮನೆಗೆ ಬಂದು ಎರಡು ತುತ್ತು ತಿಂದು ಅಂಗಡಿಗೆ ಹೊರಟಳು. ಬಾಗಿಲಲ್ಲಿ ನಿಂತು, ಪ್ರತಿ ಸಾಲನ್ನೂ ಎರಡೆರಡು ಸಲ ನೋಡಿದ್ದೇನೆ ಎಂದು ಮಗ್ಗದ ಸದ್ದಿನಲ್ಲಿ ಕೂಗಿ ಹೇಳಿದಳು. ಅವಳ ಮುಖ ನೋಡಿ ನನಗೂ ಅರ್ಧ ಆಯಾಸ ಇಳಿದ ಹಾಗಾಯಿತು.

ಸಂಜೆ ನಾಲ್ಕಕ್ಕೆ ಸಾರ್ ಅದನ್ನು ಓಡಿಸಿದರು. ಅಕ್ಕ ಅಂಗಡಿಯಿಂದ ಅರ್ಧ ಗಂಟೆ ಕೇಳಿಕೊಂಡು ಬಂದಿದ್ದಳು. ಮಕ್ಕಳು ಆಗಲೇ ತುಂಬಿದ್ದರು. ಮೊದಲ ಸಾಲಿನಲ್ಲೇ ತಪ್ಪು ಎಂದು ಬಂತು. ಸಾರ್ ಫೈಲ್ ತೆರೆದರು. ನಾನೂ ಬಗ್ಗಿ ನೋಡಿದೆ. ನಾನು ಬರೆದ ಕೊನೆಯ ಸಾಲು ಮೇಲೆ ಇತ್ತು, ಮೊದಲ ಸಾಲು ಅಡಿಯಲ್ಲಿ. ಅರವತ್ತನಾಲ್ಕೂ ಕೆಳಗಿನಿಂದ ಮೇಲಕ್ಕೆ.

ಬಟ್ಟೆ ಕೆಳಗಿನಿಂದ ಮೇಲಕ್ಕೆ ಬೆಳೆಯುತ್ತದೆ. ಹಾಗಾಗಿ ಡಿಸೈನಿನ ಗ್ರಾಫನ್ನು ಅಡಿಯ ಸಾಲಿನಿಂದ ಓದುತ್ತಾರೆ. ಮೊದಲ ಕಾರ್ಡ್ ಎಂದರೆ ಅಡಿಯ ಸಾಲು. ಒಂಬತ್ತು ವರ್ಷ ಅವಳು ಯಾವ ಗ್ರಾಫ್ ಹಾಳೆಯನ್ನೂ ಮೇಲಿನಿಂದ ಓದಿರಲಿಲ್ಲ.

“ಗ್ರಾಫಲ್ವಾ ಸಾರ್, ಕೆಳಗಿಂದ ತಾನೇ?” ಅಂದಳು ಅಕ್ಕ.

ಮಕ್ಕಳು ನಕ್ಕರು. ಸಾರ್ ನಗಲಿಲ್ಲ, ನನ್ನ ಕಡೆ ತಿರುಗಿದರು. “ನೋಡಮ್ಮ, ನಿಮ್ಮಕ್ಕನಿಗೆ ಇದ್ರ ಮೇಲು ಕೆಳಗೂ ಗೊತ್ತಾಗಿಲ್ಲ. ಏನಂತ ಬರ್ಕೊಡ್ಲಿ ನಾನು?”

ಹಾಗೆ ಹೊಡಿ ಎಂದದ್ದು ನಾನೇ ಎಂದು ಆಗ ಹೇಳಬೇಕಿತ್ತು. ಹೇಳಲಿಲ್ಲ. ನಿದ್ದೆಗೆಟ್ಟು ತಲೆಯೇ ಓಡುತ್ತಿರಲಿಲ್ಲ ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಆ ಕ್ಷಣದಲ್ಲಿ ನನಗೂ ಅವಳದೇ ತಪ್ಪು ಎನ್ನಿಸಿತ್ತು. ಮತ್ತೆ ಆ ಕೆಲಸವೆಲ್ಲ ನನ್ನ ತಲೆಗೇ ಬಂತಲ್ಲ ಎಂದು ಸಿಟ್ಟೂ ಬಂದಿತ್ತು.

ಅಕ್ಕ ಅಂಗಡಿಗೆ ಹಿಂತಿರುಗಬೇಕಾಗಿತ್ತು. ಮೂಲೆಯ ತನಕ ಜೊತೆಗೆ ನಡೆದೆ. ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. “ಮಕ್ಕಳು ನಕ್ಕಿದ್ದಕ್ಕೆ ಬೇಜಾರಿಲ್ಲ ಕಣೇ,” ಅಂದಳು. “ನಿಮ್ಮ ಸಾರು ಅರವತ್ನಾಲ್ಕು ಸಾಲನ್ನ ಓದ್ಲೇ ಇಲ್ಲ.”

ಮನೆಗೆ ಬಂದು ಆ ದಿನದ ಕರೆಂಟಿನ ಗಂಟೆ ಹಾಕಲು ಡೈರಿ ತೆಗೆದೆ. ಹಿಂದಿನ ಪುಟ ಎದುರಿಗೇ ಇತ್ತು. ಸಾಲು 64, ಅಕ್ಷರ 1216. ಕೆಳಗೆ ನನ್ನದೇ ಕೈಬರಹ: ‘ಅಕ್ಕನಿಗೆ ಹಾಳೆ ಕೊಟ್ಟೆ. ಕಾರ್ಡ್ ಹೊಡೆಯುವ ಹಾಗೇ ಹೊಡಿ ಎಂದೆ.’ ಅವಳು ನಾನು ಹೇಳಿದ್ದನ್ನೇ ಮಾಡಿದ್ದಳು. ಡೈರಿಯ ಪುಟಕ್ಕೆ, ನೂಲಿನ ಬಾಬಿನ್ನಿಗೆ, ಬಸ್ಸಿನ ಟಿಕೆಟ್ಟಿಗೆ ಕೂಡ ನಂಬರ್ ಹಾಕುವವಳು ನಾನು. ಆ ಅರವತ್ತನಾಲ್ಕು ಸಾಲಿಗೆ ಒಂದು, ಎರಡು, ಮೂರು ಎಂದು ಬರೆದಿರಲಿಲ್ಲ. ಎಣಿಸಿದ್ದೆ, ಅಷ್ಟೆ.

ಶನಿವಾರ ಬೆಳಿಗ್ಗೆ ಆರಕ್ಕೆ ಕರೆಂಟ್ ಬಂತು. ನಾನು ಮಗ್ಗದ ಹತ್ತಿರ ಹೋಗದೆ ಚಪ್ಪಲಿ ಹಾಕಿಕೊಂಡದ್ದನ್ನು ಅಪ್ಪ ನೋಡಿದರು. ಎಡಗೈಯಲ್ಲಿ ಒಂದು ಮಗ್ಗ ಹಾಕಿದರು, ಇನ್ನೊಂದನ್ನು ಬಿಟ್ಟರು. “ಹೋಗು, ಒಂದು ನಡೆಯತ್ತೆ,” ಅಂದರು.

ಅರವತ್ತನಾಲ್ಕು ಸಾಲನ್ನು ಮತ್ತೆ ಹೊಡೆಯಲು ನನಗೆ ಅರ್ಧ ಗಂಟೆ ಸಾಕಾಗಿತ್ತು. ಗೇಮಿಗೆ ಅಷ್ಟೇ ಬೇಕಾಗಿದ್ದದ್ದು. ಆದರೆ ನಾನು ಹೊಡೆದರೆ ಅದು ನನ್ನ ಹಾಳೆಯಾಗುತ್ತಿತ್ತು. ಅಕ್ಕ ಹೊಡೆದ ಅಕ್ಷರಗಳನ್ನು ಮುಟ್ಟದೆ, ಬೇರೆ ಒಂದು ಚಿಕ್ಕ ಪ್ರೋಗ್ರಾಮ್ ಬರೆದೆ. ಫೈಲ್ ತೆರೆದು ಸಾಲುಗಳನ್ನು ಓದು, ಹಿಂದುಮುಂದು ಮಾಡು, ಇನ್ನೊಂದು ಫೈಲಿಗೆ ಬರೆ. ಮೂರು ಸಾಲು. ಸಾರ್ ಹೇಳಿದ್ದು ನಿಜ, ಆ ಭಾಷೆಯಲ್ಲಿ ದೊಡ್ಡ ಕೆಲಸ ಚಿಕ್ಕದಾಗುತ್ತಿತ್ತು. ಅವಳ ಫೈಲಿನಲ್ಲಿ ಒಂದೇ ಒಂದು ಕಡೆ, ಅವಳು ಮುಗಿಸಿ ನಿಲ್ಲಿಸಿದ್ದ ಸಾಲಿನ ಕೊನೆಯಲ್ಲಿ, ಎಂಟರ್ ಒತ್ತಬೇಕಾಯಿತು, ಇಲ್ಲದಿದ್ದರೆ ತಿರುಗಿಸಿದಾಗ ಎರಡು ಸಾಲು ಒಂದಕ್ಕೊಂದು ಅಂಟಿಕೊಳ್ಳುತ್ತಿದ್ದವು. ಅಲ್ಲಿ ಒತ್ತಬೇಕೆಂದು ಗ್ರಾಫಿನಲ್ಲಿ ನಾನು ಬರೆದಿರಲಿಲ್ಲ.

ಓಡಿಸಿದೆ. ಪ್ರಯಾಣಿಕ ಊರ ಹೊರಗೆ ನಿಂತ. ಟಾರ್ಚ್ ಎತ್ತಿದೆ, ಹಗ್ಗ ಎತ್ತಿದೆ, ಎರಡು ಬೆಲ್ಲ. ಚೀಲ ತೆರೆದೆ. ಟಾರ್ಚ್ 1, ಹಗ್ಗ 1, ಬೆಲ್ಲ 2. ಬೆಲ್ಲ ಎರಡೂ ತಿಂದೆ, ಸೊನ್ನೆಯಾಗಿ ಉಳಿಯಿತು. ಹನ್ನೊಂದನೆಯ ವಸ್ತು ಎತ್ತಲು ಹೋದರೆ ಚೀಲ ತುಂಬಿತು ಎಂದಿತು. ಸಾವಿರದ ಇನ್ನೂರ ಹದಿನಾರು ಅಕ್ಷರದಲ್ಲಿ ಒಂದೂ ತಪ್ಪಿರಲಿಲ್ಲ. ಖಾಲಿ ಚೌಕಗಳನ್ನೂ ಅವಳು ಎಣಿಸಿಯೇ ಬಿಟ್ಟಿದ್ದಳು. ನಾನು ಹೊಡೆದ ಯಾವ ಪುಟವೂ ಮೊದಲ ಸಲಕ್ಕೆ ಓಡಿದ್ದಿಲ್ಲ. ಡೈರಿಯಲ್ಲಿ ಅದಕ್ಕೂ ಲೆಕ್ಕವಿದೆ.

ಎಂಟು ಗಂಟೆಗೆ ಸಾರ್ ಬಂದರು. ನಾನು ಮೊದಲು ಡೈರಿಯ ಗುರುವಾರದ ಪುಟ ತೆರೆದು ಅವರ ಮುಂದಿಟ್ಟೆ. ಆಮೇಲೆ ಮೂರು ಸಾಲಿನ ಪ್ರೋಗ್ರಾಮ್ ತೋರಿಸಿದೆ, ಆಮೇಲೆ ಗೇಮ್. ಅವರು ಪುಟವನ್ನು ಎರಡು ಸಲ ಓದಿದರು.

“ಹಾಗಾದ್ರೆ ತಪ್ಪು ನಿಂದು,” ಅಂದರು.

“ಹೌದು ಸಾರ್.”

“ನಿನ್ನೆ ಯಾಕೆ ಹೇಳ್ಲಿಲ್ಲ?”

ಉತ್ತರಕ್ಕೆ ಕಾಯದೆ ಅವರು ಗ್ರಾಫ್ ಹಾಳೆ ಕೇಳಿದರು. ಮೇಜಿನ ಮೇಲೆ ಹರಡಿ, ಸ್ಕೇಲ್ ಇಟ್ಟು, ಅಡಿಯ ಸಾಲಿನಿಂದ ಶುರುಮಾಡಿ, ಒಂದೊಂದೇ ಸಾಲು ಮೇಲಕ್ಕೆ ಸರಿಸುತ್ತಾ ಅಕ್ಕನ ಫೈಲಿನ ಜೊತೆ ಹೋಲಿಸಿದರು. ಐವತ್ತು ನಿಮಿಷ ಹಿಡಿಯಿತು. ನಡುವೆ ಒಮ್ಮೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನಾನು ಗೋಡೆಗೆ ಒರಗಿ ನಿಂತಿದ್ದೆ.

ಅರವತ್ತನಾಲ್ಕನೆಯ ಸಾಲಿನ ಮೇಲೆ ಸ್ಕೇಲ್ ನಿಂತಾಗ ಸೆಂಟರಿನ ಹೆಸರಿರುವ ಕಾಗದ ತೆಗೆದರು. ಟೈಪ್ ಮಾಡಿ ಪ್ರಿಂಟ್ ತೆಗೆಯಲು ಹೋದರು, ಹತ್ತು ಗಂಟೆಯಾಗಿ ಕರೆಂಟ್ ಹೋಯಿತು. ಪೆನ್ನಿನಲ್ಲೇ ಬರೆದರು. ನಾಲ್ಕು ಸಾಲಿನ ಪತ್ರ. ಇಂಥವರು ನಮ್ಮಲ್ಲಿ ಕಂಪ್ಯೂಟರ್ ಬಳಸುವುದನ್ನು ಕಲಿತಿದ್ದಾರೆ, ಕೊಟ್ಟ ಹಾಳೆಯನ್ನು ಒಂದೂ ತಪ್ಪಿಲ್ಲದೆ ಹೊಡೆದಿದ್ದಾರೆ, ಅದನ್ನು ನಾನೇ ಪರೀಕ್ಷಿಸಿದ್ದೇನೆ. ಕೆಳಗೆ ಸಹಿ, ಸೀಲು.

ಡಿಸೈನ್ ಅಂಗಡಿಗೇ ಹೋಗಿ ಪತ್ರ ಕೊಟ್ಟೆ. ಅಕ್ಕ ಕೈ ಒರೆಸಿಕೊಂಡು ತೆಗೆದುಕೊಂಡಳು. ನಾನು ತಪ್ಪಾಯಿತು ಎಂದೆ. ಅವಳು ನನ್ನ ಮುಖ ನೋಡಿ, ಹೋಗಿ ಮಲಗು ಎಂದಳು. ಮನೆಗೆ ಬಂದು ಮಲಗಿದೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಎಚ್ಚರವಾಯಿತು. ಸಂಜೆಯ ತರಗತಿ ತಪ್ಪಿಹೋಗಿತ್ತು. ಸಿ.ಡಿ. ಬಂದ ದಿನದಿಂದ ಮರುದಿನದ ಭಾನುವಾರದ ತನಕ, ನಲವತ್ತೊಂಬತ್ತು ದಿನದಲ್ಲಿ ನಾನು ರಜೆ ಹಾಕಿದ್ದು ಅದೊಂದೇ.

ಭಾನುವಾರ ಮಕ್ಕಳ ತಂದೆ ತಾಯಿಯರು ಬಂದರು. ಕರೆಂಟ್ ಇದ್ದದ್ದು ನಲವತ್ತು ನಿಮಿಷ. ಮಧುರೆ ತಲುಪಿದವರು ಯಾರೂ ಇಲ್ಲ. ಎಲ್ಲರೂ ಕೆರೆ ಏರಿಯ ಮೇಲೇ ನಿಂತು ಚೀಲದ ತುಂಬ ಬೆಲ್ಲ ತುಂಬಿಕೊಂಡರು. ನಾನು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆ. ಆ ದಿನದ ಪುಟದಲ್ಲಿ ಮೇಲಿನ ಎರಡು ಅಂಕಿ ಬಿಟ್ಟರೆ ಬೇರೇನೂ ಇಲ್ಲ.

ಏಪ್ರಿಲ್ ಎರಡನೇ ವಾರ ಡಿಸೈನ್ ಅಂಗಡಿಗೆ ಕಂಪ್ಯೂಟರ್ ಬಂತು, ಅಕ್ಕನನ್ನು ಅದರ ಮುಂದೆ ಕೂರಿಸಿದರು. ಮೊದಲ ದಿನ ಮುಗಿಸಿ ಬಂದವಳು ಮಗ್ಗದ ಪಕ್ಕ ಬಂದು ನಿಂತಳು. ಹೇಗಿತ್ತು ಎಂದು ಕೇಳಿದೆ. ಕಣ್ಣು ಉರಿಯುತ್ತದೆ ಎಂದಳು, ಕುರ್ಚಿ ಎತ್ತರ ಎಂದಳು. ಆಮೇಲೆ ಮಗ್ಗದ ಸದ್ದಿನಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿದಳು.

“ಅದ್ರಲ್ಲೂ ಗ್ರಾಫು ಕೆಳಗಿಂದಾನೇ ಕಣೇ,” ಅಂದಳು.